ಎಕ್ಸ್‌ರೇ ನೋಡಿ ‘ಹೂಂ’ ಅಂದವಳು ನಾನು

ಹೋದ ವರ್ಷ ದೀಪಾವಳಿ ಮುಗಿದ ವಾರ. ಉಸಿರಾಟದ ತೊಂದರೆ ಇರುವವರಿಗೆ ಆಕ್ಸಿಜನ್ ಯಂತ್ರ ಕೊಡಿಸುವ ಒಂದು ಟ್ರಸ್ಟ್‌ಗಾಗಿ ನಮ್ಮ ಬಂಗಾರಪೇಟೆಯ ಮಹಿಳಾ ಸಂಘದವರು ಮನೆಮನೆಗೆ ಹೋಗಿ ಚಂದಾ ಎತ್ತುತ್ತಿದ್ದೆವು. “ಕೆಜಿಎಫ್ ಕಡೆ ನಾನು ಹೋಗ್ತೀನಿ, ನನಗೆ ತಮಿಳು ಬರುತ್ತೆ” ಎಂದು ಜಂಬ ಕೊಚ್ಚಿಕೊಂಡು, ಗೆಳತಿ ಸರೋಜಳನ್ನು ಎಳೆದುಕೊಂಡು ಹೊರಟೆ. ಕೊರಳಲ್ಲಿ ಬ್ಯಾಡ್ಜ್, ಕೈಯಲ್ಲಿ ಯಂತ್ರದ ಚಿತ್ರವಿದ್ದ ಫೈಲು. ನಾನೇ ಡಿಸಿ ಅನ್ನುವ ಗತ್ತು ನನಗೆ!

ಆಂಡರ್ಸನ್‌ಪೇಟೆಯ ಅಂಗಡಿಗಳಲ್ಲಿ ಚೆನ್ನಾಗಿಯೇ ಆಯಿತು. ಅದೇ ಹುರುಪಿನಲ್ಲಿ ಮೈಸೂರು ಮೈನ್ಸ್ ಕಡೆ, ಗಣಿ ಕೆಲಸದವರ ಲೈನ್ ಮನೆಗಳಿಗೆ ಹೋದೆವು. ಮೊದಲ ಮನೆಯ ಕನಕಮ್ಮ ಎಂಬ ವಯಸ್ಸಾದ ಹೆಂಗಸು ನನ್ನ ಫೈಲಿನ ಚಿತ್ರ ನೋಡಿದ್ದೇ ತಡ, ಮುಖ ಅರಳಿತು.

“ವಾಂಗಮ್ಮಾ, ಬನ್ನಿ ಬನ್ನಿ! ಈಗಲಾದ್ರೂ ಬಂದ್ರಲ್ಲ. ಏನ್ರೀ, ಮಿಷನ್ ಕೊಡೋರು ಬಂದವ್ರೆ!”

ನಾವು ಕೊಡಲು ಬಂದವರು ಅಂದುಕೊಂಡಿದ್ದಾರೆ ಎಂದು ನನಗೆ ಆಗಲೇ ತಿಳಿಯಿತು. ಆಗಲೇ ಹೇಳಬೇಕಿತ್ತು. ಅಷ್ಟರಲ್ಲಿ ಅವರು ಮಂಚಕ್ಕೆ ಒಗೆದ ಬೆಡ್‌ಶೀಟ್ ಹಾಸಿ ಕೂರಿಸಿದರು, ಪಕ್ಕದ ಮನೆಗೆ ಇಣುಕಿ ಏನೋ ಕೂಗಿ ಹೇಳಿದರು, ಟೀ ತಂದರು. ನಿಜ ಹೇಳಬೇಕೆಂದರೆ, ಆ ಮರ್ಯಾದೆ ನನಗೆ ಹಿತವಾಗಿಯೇ ಇತ್ತು.

ಒಳಗಿನಿಂದ ಅವರ ಗಂಡ ಏಳುಮಲೈ ಬಂದರು. ನಮಗಾಗಿಯೇ ಇಸ್ತ್ರಿ ಶರ್ಟು ಹಾಕಿಕೊಂಡಿದ್ದರು. ಗಣಿ ಮುಚ್ಚುವವರೆಗೂ ಅಲ್ಲಿ ಕಲ್ಲಿನ ದೂಳು ಕುಡಿದು ದುಡಿದವರಂತೆ. ಗೋಡೆ ಹಿಡಿದು ಏದುಸಿರು ಬಿಡುತ್ತಾ ತಮ್ಮ ಎದೆಯ ಎಕ್ಸ್‌ರೇಯನ್ನು ನನ್ನ ಕೈಗಿತ್ತರು. ಅಯ್ಯೋ, ನಾನೇನು ಮಾಡಿದೆ ಗೊತ್ತೇ? ಅದನ್ನು ಬಾಗಿಲ ಬೆಳಕಿಗೆ ಹಿಡಿದು, ತಲೆಯಾಡಿಸಿ, “ಹೂಂ” ಅಂದೆ! ಸರೋಜ ನನ್ನ ತೊಡೆ ಚಿವುಟಿದಳು.

“ಮಲಗಕ್ಕೇ ಆಗಲ್ಲಮ್ಮಾ ಇವ್ರಿಗೆ, ಕೂತೇ ಇರ್ತಾರೆ. ಮಿಷನ್ ಯಾವತ್ತು ಬರುತ್ತೆ?” ಎಂದು ಕೇಳಿದರು ಕನಕಮ್ಮ.

“ಅಮ್ಮಾ, ನಾವು ಕೊಡೋಕೆ ಬಂದಿಲ್ಲ. ಚಂದಾ ಕೇಳೋಕೆ ಬಂದ್ವಿ” ಅಂದೆ. ಜಂಬ ಕೊಚ್ಚಿದ ತಮಿಳು ಎಲ್ಲಿ ಹೋಯಿತೋ, ಬಾಯಿಂದ ಹೊರಟದ್ದು ಕನ್ನಡವೇ.

ಏಳುಮಲೈ ಎಕ್ಸ್‌ರೇಯನ್ನು ನಿಧಾನವಾಗಿ ಕವರಿಗೆ ಸೇರಿಸಿದರು. “ಪರವಾಗಿಲ್ಲಮ್ಮಾ. ಆದ್ರೆ ಇವ್ಳು ಅಕ್ಕಪಕ್ಕದೋರಿಗೆಲ್ಲ ಹೇಳ್ಬಿಟ್ಟವ್ಳೆ. ಅವ್ರಿಗೂ ನೀವೇ ಹೇಳ್ಬಿಟ್ಟು ಓಗಿ.”

ಹೊರಗೆ ಬಂದು ನೋಡಿದರೆ, ಸಾಲಿನ ಬಾಗಿಲು ಬಾಗಿಲಲ್ಲೂ ಎಕ್ಸ್‌ರೇ ಕವರ್ ಹಿಡಿದು ಜನ ನಿಂತಿದ್ದಾರೆ!

“ನಡಿಯೇ, ಆಟೋ ಐತೆ, ಓಡೋಗಾನ” ಅಂದಳು ಸರೋಜ. ನನಗೂ ಅದೇ ಬೇಕಿತ್ತು. ಆದರೆ ಏಳುಮಲೈ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಒಂದೊಂದು ಮನೆಗೂ ಹೋಗಿ ಅದೇ ಮಾತು ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೇ ವಾಸಿಯಾಗಿತ್ತು.

ಮಾರನೆಯ ದಿನವೇ ಟ್ರಸ್ಟ್‌ನವರ ಮುಂದೆ ಹೋಗಿ ಕೂತೆ. ಕಾಡಿ ಬೇಡಿ, ಜಗಳವನ್ನೂ ಆಡಿ, ಯುಗಾದಿ ಹೊತ್ತಿಗೆ ಒಂದು ಯಂತ್ರ ಕೊಡಿಸಿದೆ. ಇಡೀ ಸಾಲಿಗೆ ಒಂದೇ. ಯಾರಿಗೆ ಉಸಿರು ಕಟ್ಟುತ್ತದೋ ಅವರ ಮನೆಗೆ ಅದು ಹೋಗಬೇಕು.

ತಲುಪಿಸಲು ಹೋದ ದಿನ ಕನಕಮ್ಮ ಮತ್ತೆ ಅದೇ ಬೆಡ್‌ಶೀಟ್ ಹಾಸಿ ಟೀ ಕೊಟ್ಟರು. ಏಳುಮಲೈ ನಗುತ್ತಾ, “ಇವತ್ತು ಕೊಡಾಕ್ ಬಂದ್ರೋ, ಕೇಳಾಕ್ ಬಂದ್ರೋ?” ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಈಗಲೂ ಯಾರಾದರೂ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರೆ ಸಾಕು, ನನ್ನ ಆ ‘ಹೂಂ’ ನೆನಪಾಗಿ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗುತ್ತದೆ.