ಸುಣ್ಣದ ಗೆರೆಯ ಪಿಚ್ಚರ್

ಸಿನಿಮಾ ಟೆಂಟಿಗೆ ಹೊರಟ ಹೆಂಗಸರ ಕಂಕುಳಲ್ಲಿ ಒಂದು ಚಾಪೆಯ ತುಂಡು ಇದ್ದೇ ಇರುತ್ತಿತ್ತು. ನಮ್ಮ ಬಂಗಾರಪೇಟೆಯ ಟೆಂಟಿನಲ್ಲಿ ನೆಲದ ಟಿಕೀಟಿನವರಿಗೆ ಕುರ್ಚಿಯಿರಲಿ, ಬೆಂಚೂ ಇರಲಿಲ್ಲ. ಇದ್ದದ್ದು ಮರಳು, ಆ ಮರಳಿನಲ್ಲಿ ಹಿಂದಿನ ದಿನದವರು ಉಗಿದ ಕಡಲೆಕಾಯಿ ಸಿಪ್ಪೆ. ನನ್ನ ಚಾಪೆ ಒಂದು ಕಾಲಕ್ಕೆ ಇಬ್ಬರು ಮಲಗುವಷ್ಟು ದೊಡ್ಡದಿತ್ತಂತೆ. ಇಲಿಗೂ ವಯಸ್ಸಿಗೂ ಸಲ್ಲಬೇಕಾದದ್ದು ಸಂದ ಮೇಲೆ ಉಳಿದ ಭಾಗಕ್ಕೆ ನಾನು ಹಳೆಯ ಸೀರೆಯ ಅಂಚು ಹೊಲಿದು, ಒಬ್ಬಳು ಧಾರಾಳವಾಗಿ, ಇಬ್ಬರು ಸ್ನೇಹವಾಗಿ ಕೂರುವ ಆಸನ ಮಾಡಿಕೊಂಡಿದ್ದೆ. ಐವತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನಾನು ಕಂಡ ಪ್ರೇಮವೆಲ್ಲ ಹೆಚ್ಚುಕಡಿಮೆ ಆ ಆಸನದ ಮೇಲೆ ಕೂತು ಕಂಡದ್ದು. ಮನೆಯಲ್ಲಿ ಪ್ರೇಮವಿರಲಿಲ್ಲವೆಂದಲ್ಲ. ನನ್ನ ಯಜಮಾನರು ರೈಲ್ವೆಯ ಗೂಡ್ಸ್ ಷೆಡ್ಡಿನಲ್ಲಿ ಗುಮಾಸ್ತರು; ಪ್ರೀತಿಯುಳ್ಳವರೇ, ಆದರೆ ಪರದೆಯ ಮೇಲೆ ಹೆಸರುಗಳು ಬರುವಷ್ಟರಲ್ಲಿ ನಿದ್ದೆ ಹೋಗುವವರು, ಆದ್ದರಿಂದ ಅವರನ್ನು ಮನೆಯಲ್ಲೇ ಮಲಗಲು ಬಿಟ್ಟು ನಾನು ಹೋಗುತ್ತಿದ್ದೆ.

ನಾನು ಬೂದಿಕೋಟೆ ಕಡೆಯ ಹಳ್ಳಿಯವಳು, ಮೇಕೆ ಕಾಯುವ ಮನೆಯ ಹೆಣ್ಣು. ಅಂಥವಳು ಓದಿ, ಬಂಗಾರಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಿಕೆ ಹಿಡಿದು, ಸಾಲದೆಂಬಂತೆ ಹಿಂದಿಯ ಮೂರು ಪರೀಕ್ಷೆಗಳನ್ನು ಕಟ್ಟಿ ಮೂರರಲ್ಲೂ ತೇರ್ಗಡೆಯಾಗಿದ್ದೆ. ಮೂರು ಪ್ರಮಾಣಪತ್ರಗಳಿಗೂ ಗಾಜು ಹಾಕಿಸಿ, ಬಾಗಿಲಲ್ಲಿ ನಿಂತವರ ಕಣ್ಣಿಗೆ ನೇರವಾಗಿ ಬೀಳುವ ಗೋಡೆಗೆ ತೂಗುಹಾಕಿದ್ದೆ. ಜಂಬವೆನ್ನುವಿರಾ, ಹೌದು, ಜಂಬವೇ. ತಮಿಳು, ತೆಲುಗು, ಕನ್ನಡಗಳನ್ನು ಒಂದೇ ವಾಕ್ಯದಲ್ಲಿ ಬೆರೆಸಿ ಮಾತಾಡಬಲ್ಲ ಊರು ನಮ್ಮದು. ಹಾಗೆ ಮೂರು ಭಾಷೆ ಬಲ್ಲವರೂ ಹಿಂದಿಯ ಮುಂದೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದರು, ನಾನೊಬ್ಬಳು ಬಿಡುತ್ತಿರಲಿಲ್ಲ. ಟೆಂಟಿಗೆ ಹಿಂದಿ ಚಿತ್ರ ಬಂದ ಮಾರನೆಯ ಬೆಳಿಗ್ಗೆ ನಲ್ಲಿಯ ಬಳಿ ಹೆಂಗಸರು ಕೊಡಗಳನ್ನು ಸಾಲಾಗಿಟ್ಟು ನನಗಾಗಿ ಕಾಯುತ್ತಿದ್ದರು. ನಾನು ಕಥೆ ಹೇಳಬೇಕು, ನೋಡಬಹುದೋ ಬಾರದೋ ತೀರ್ಪು ಕೊಡಬೇಕು. ನಾನು ಬೇಡವೆಂದ ಚಿತ್ರ ಮೂರನೆಯ ದಿನಕ್ಕೆ ಡಬ್ಬಿ ಸೇರಿ ರೈಲು ಹತ್ತುತ್ತದೆಂದು ಟೆಂಟಿನ ಮಾಲೀಕರೇ ಗೊಣಗುತ್ತಿದ್ದರಂತೆ. ಅದನ್ನು ಕೇಳಿ ನನಗಾದ ಸಂತೋಷವನ್ನು ಮುಚ್ಚಿಡಲಾರೆ.

ಚಿತ್ರಗಳ ನಿಜವಾದ ಹೆಸರನ್ನು ನಮ್ಮಲ್ಲಿ ಯಾರೂ ಹೇಳುತ್ತಿರಲಿಲ್ಲ. ಚಿತ್ರದಲ್ಲಿ ಕಣ್ಣಿಗೆ ಕಟ್ಟಿದ ವಸ್ತು ಯಾವುದೋ ಅದರ ಹೆಸರೇ ಚಿತ್ರದ ಹೆಸರು. ಕನ್ನಡಕದ ಪಿಚ್ಚರ್, ಜಟಕಾ ಪಿಚ್ಚರ್, ಸುಣ್ಣದ ಗೆರೆಯ ಪಿಚ್ಚರ್ ಎಂದರೆ ಕಾಮಸಮುದ್ರದಿಂದ ಮಾರಿಕುಪ್ಪದವರೆಗೆ ಎಲ್ಲರಿಗೂ ತಿಳಿಯುತ್ತಿತ್ತು. ಈ ಮೂರನ್ನೂ ನಿಮಗೆ ಶಿಫಾರಸು ಮಾಡುವ ಆಸೆ ನನಗೆ. ಎಲ್ಲಿ ಸಿಗುತ್ತವೆಂದು ಮಾತ್ರ ಕೇಳಬೇಡಿ.

ಮೂರೂ ನಗಿಸುವ ಪ್ರೇಮದ ಚಿತ್ರಗಳು. ಅಳಿಸುವ ಪ್ರೇಮದ ಚಿತ್ರಗಳನ್ನು ನಾನು ಯಾರಿಗೂ ನೋಡೆಂದು ಹೇಳಿದವಳಲ್ಲ, ಅದಕ್ಕೆ ಸೆಲ್ವಿ ಕಾರಣ. ಸೆಲ್ವಿ ನನ್ನ ಶಾಲೆಯಲ್ಲೇ ಹೊಲಿಗೆ ಕಲಿಸುತ್ತಿದ್ದವಳು. ಕೋಲಾರ ಚಿನ್ನದ ಗಣಿಯಿಂದ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹಿಂತಿರುಗುವಳು. ಅವಳ ಗಂಡ ಭೂಮಿಯ ಕೆಳಗೆ ಕೆಲಸ ಮಾಡುವವನು. ನಾನು ಯಾವ ಚಿತ್ರದ ಮಾತೆತ್ತಿದರೂ ಅವಳದು ಒಂದೇ ಪ್ರಶ್ನೆ.

“ಅದ್ರಲ್ಲಿ ಯಾರಾದ್ರೂ ಸಾಯ್ತಾರಾ ಟೀಚರ್?”

ಮೊದಮೊದಲು ನಾನು ನಗುತ್ತಿದ್ದೆ. ಒಂದು ದಿನ ಪಾಠದ ನಡುವೆ ಗಣಿಯ ಕಡೆಯಿಂದ ಏನೋ ಸುದ್ದಿ ಬಂತೆಂದು ಯಾರೋ ಅಂದಾಗ ಅವಳ ಕೈಯಲ್ಲಿದ್ದ ಸೂಜಿ ಬೆರಳಿಗೆ ಹೊಕ್ಕಿದ್ದೂ ಅವಳಿಗೆ ತಿಳಿಯಲಿಲ್ಲ. ಸುದ್ದಿ ಸುಳ್ಳಾಯಿತು. ಅಂದಿನಿಂದ ನಾನು ನಗುವುದನ್ನು ಬಿಟ್ಟು, ಪ್ರತಿ ಚಿತ್ರಕ್ಕೂ ಮೊದಲೇ ಉತ್ತರ ಸಿದ್ಧಮಾಡಿಟ್ಟುಕೊಂಡೆ. ಗಂಡ ಪಾಳಿಗಿಳಿದ ಹೊತ್ತಿನಲ್ಲಿ ಹೆಂಡತಿಯೊಬ್ಬಳು ಎರಡೂವರೆ ಗಂಟೆ ಎದೆ ಹಗುರ ಮಾಡಿಕೊಂಡು ಕೂರಬಹುದಾದ ಕಥೆಯನ್ನು ಆರಿಸಿ ಕೊಡುವುದು ಸಣ್ಣ ವಿದ್ಯೆಯಲ್ಲ. ಪರದೆಯ ಮೇಲೆ ಪ್ರೇಮಿಗಳು ಸತ್ತರೆ ನಾವು ಕಣ್ಣೊರೆಸಿಕೊಂಡು, ಸದ್ಯ ನಮಗಲ್ಲವಲ್ಲ ಎಂದು ಎದ್ದು ಬರುತ್ತೇವೆ. ಪ್ರೇಮಿಗಳು ಪೆಚ್ಚಾದರೆ ಹಾಗೆ ಎದ್ದು ಬರಲಾಗದು. ಸಾಯದಿದ್ದರೂ ಪೆಚ್ಚಾಗದವರು ನಮ್ಮಲ್ಲಿ ಯಾರಿದ್ದಾರೆ?

ಕನ್ನಡಕದ ಪಿಚ್ಚರ್ ತಮಿಳಿನದು; ಗಣಿಯ ಊರಿನ ಥಿಯೇಟರಿನಲ್ಲಿ, ಕುರ್ಚಿಯ ಮೇಲೆ ರಾಜಠೀವಿಯಿಂದ ಕೂತು ಸೆಲ್ವಿಯ ಜೊತೆ ನೋಡಿದ್ದು. ಹೆಣ್ಣು ನೋಡಲು ಬಂದ ಗುಮಾಸ್ತನೊಬ್ಬ ಅಂದ ಕೆಡುತ್ತದೆಂದು ಕನ್ನಡಕ ತೆಗೆದು ಜೇಬಿಗಿಡುತ್ತಾನೆ. ಆಮೇಲೆ ಹಿತ್ತಲಿನಲ್ಲಿ ಸಿಕ್ಕ ಸೀರೆಯುಟ್ಟ ಆಕೃತಿಯ ಮುಂದೆ ತನ್ನ ಹೃದಯವನ್ನೆಲ್ಲ ತೋಡಿಕೊಳ್ಳುತ್ತಾನೆ. ಅದು ಹುಡುಗಿಯ ಅಜ್ಜಿ. ಅಜ್ಜಿ ಮಾತು ಮುಗಿಯುವ ತನಕ ಸುಮ್ಮನೆ ಕೇಳಿ, ಕೊನೆಗೆ ಒಳಗೆ ಹೋಗಿ ಇವನಿಗೇ ಕೊಡಿ ಅನ್ನುತ್ತಾಳೆ. ಜಟಕಾ ಪಿಚ್ಚರ್ ತೆಲುಗಿನದು. ಜಟಕಾ ಹೊಡೆಯುವವನಿಗೂ ಓದುವ ಹುಡುಗಿಗೂ ಪ್ರೀತಿ, ಆದರೆ ಇಬ್ಬರೂ ಬಾಯಿ ಬಿಡುವುದಿಲ್ಲ. ಅವಳು ದಿನವೂ ಕುದುರೆಗೆ ಬೆಲ್ಲ ತರುತ್ತಾಳೆ, ಅವನು ದಾರಿ ಬೇಗ ಸವೆಯದಿರಲೆಂದು ಕುದುರೆಗೆ ಕಾಲು ನೋವೆನ್ನುತ್ತಾನೆ. ಇಡೀ ಚಿತ್ರದಲ್ಲಿ ಲಾಭವಾದದ್ದು ಕುದುರೆಗೆ. ಇವೆರಡನ್ನೂ ನಾನು ಹೇಳಿ ಕಳಿಸಿದವರು ಮರುದಿನ ನನ್ನ ಮನೆಗೆ ಬಂದು ಮತ್ತೊಮ್ಮೆ ನಕ್ಕು ಹೋದರು. ಸೆಲ್ವಿ ಕನ್ನಡಕದ ಪಿಚ್ಚರನ್ನು ಗಂಡನೊಡನೆ ಇನ್ನೊಮ್ಮೆ ನೋಡಿದಳು.

ಇನ್ನು ಸುಣ್ಣದ ಗೆರೆಯ ಪಿಚ್ಚರ್. ಇದು ಹಿಂದಿ, ಅಂದರೆ ನನ್ನ ಸಾಮ್ರಾಜ್ಯ. ಹೊಸದಾಗಿ ಮದುವೆಯಾದ ಗಂಡ ಹೆಂಡಿರು ಜಗಳವಾಡಿ ಒಂದೇ ಕೋಣೆಯ ಮನೆಯ ನಡುವೆ ಸುಣ್ಣದ ಗೆರೆ ಎಳೆದುಕೊಳ್ಳುತ್ತಾರೆ. ಒಲೆ ಅವಳ ಕಡೆ, ಉಪ್ಪಿನ ಜಾಡಿ ಇವನ ಕಡೆ. ಬಾಗಿಲು ಅವಳ ಕಡೆ, ಬೀಗದ ಕೈ ಇವನ ಕಡೆ. ಉಪ್ಪಿಲ್ಲದ ಅನ್ನವನ್ನು ಅವಳೂ, ಒಲೆ ಕಾಣದ ಹಸಿ ಅವಲಕ್ಕಿಯನ್ನು ಅವನೂ ಬಿಗುಮಾನದಿಂದ ತಿನ್ನುವುದನ್ನು ನೋಡಿ ನಾನು ಚಾಪೆಯ ಮೇಲಿಂದ ಮರಳಿಗೆ ಉರುಳಿದ್ದೆ. ನಗುತ್ತ ನಗುತ್ತಲೇ ನನಗೆ ನನ್ನ ತಮ್ಮ ಚೌಡಪ್ಪ ನೆನಪಾದ.

ಚೌಡಪ್ಪ ಊರಿನಲ್ಲೇ ಉಳಿದು ಹೊಲ, ಮೇಕೆಗಳನ್ನು ನೋಡಿಕೊಂಡಿದ್ದ. ಮದುವೆಯಾಗಿ ಎರಡು ವರ್ಷ. ಹೆಂಡತಿ ಪಾಪಮ್ಮ ಕಾಮಸಮುದ್ರದವಳು. ತವರಿನಿಂದ ಬರುವಾಗ ಒಂದು ಮೇಕೆಮರಿಯನ್ನು ತಂದು, ಕೈತುತ್ತು ಕೊಟ್ಟು ಸಾಕಿದ್ದಳು. ಅದನ್ನು ಈ ಮಹಾನುಭಾವ ಒಂದು ಮಾತೂ ಕೇಳದೆ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿಬಂದ. ಅವಳು ಕೇಳಿದಾಗ ಒಂದು ಮೇಕೆಗೆ ಇಷ್ಟೊಂದಾ ಎಂದ. ಅವಳು ಸೀರೆ ಗಂಟು ಕಟ್ಟಿಕೊಂಡು ತವರಿಗೆ ಹೋದವಳು ಮೂರು ತಿಂಗಳಾದರೂ ಬರಲಿಲ್ಲ, ಇವನೂ ಕರೆಯಲು ಹೋಗಲಿಲ್ಲ. ಕೊನೆಗೆ ಪಾಪಮ್ಮನ ದೊಡ್ಡಪ್ಪ ಗುರುವಪ್ಪನವರು, ಆ ಮನೆಯ ಹಿರಿಯರು, ಬರುವ ಸೋಮವಾರ ಎರಡೂ ಕಡೆಯವರು ಕೂತು ತೀರ್ಮಾನ ಮಾಡಿಬಿಡೋಣವೆಂದು ಹೇಳಿಕಳಿಸಿದರು. ತೀರ್ಮಾನವೆಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ನಮ್ಮ ಕಡೆ ಹಾಗೆ ಕೂತು ಬಿಡಿಸಿದ ಸಂಸಾರಗಳನ್ನು ನಾನು ಕಂಡಿದ್ದೆ, ನನಗೆ ಅನ್ನ ಇಳಿಯದಾಯಿತು.

ಆದರೂ ನನ್ನ ರುಚಿಯ ಮೇಲೆ ನನಗೆ ಅಪಾರ ನಂಬಿಕೆ. ಶನಿವಾರ ಪಾಪಮ್ಮನನ್ನು ಏನೋ ನೆವ ಹೇಳಿ ಮನೆಗೆ ಕರೆಸಿಕೊಂಡೆ. ಹೊಲದ ಬದನೆಕಾಯಿಯನ್ನು ಅಂದು ಸಂಜೆ ನಮ್ಮೂರ ಮಂಡಿಗೆ ತರುವವನಿದ್ದ ಚೌಡಪ್ಪನಿಗೆ, ಅದನ್ನು ಇಳಿಸಿದ ಮೇಲೆ ಹಾಗೆಯೇ ಟೆಂಟಿಗೆ ಹೋಗಿ ಗೆರೆ ಪಿಚ್ಚರ್ ನೋಡೆಂದು ಹೇಳಿಕಳಿಸಿದೆ. ಇಬ್ಬರೂ ಒಂದೇ ಆಟ ನೋಡುವರು, ಮಧ್ಯದಲ್ಲಿ ದೀಪ ಹತ್ತಿದಾಗ ಮುಖ ಮುಖ ನೋಡಿಕೊಳ್ಳುವರು, ಮಿಕ್ಕದ್ದನ್ನು ನಗು ನೋಡಿಕೊಳ್ಳುವುದೆಂದು ಲೆಕ್ಕ ಹಾಕಿದ್ದೆ. ವಾರಕ್ಕೆರಡು ಬಾರಿ ಟೆಂಟಿಗೆ ಹೋಗುವ ನಾನು, ಪಾಪಮ್ಮನ ಪಕ್ಕದಲ್ಲಿ ಚಾಪೆ ಹಾಸಿ ಕೂತ ಮೇಲೆ, ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವೆ ಎದೆಯೆತ್ತರದ ಮಣ್ಣಿನ ಗೋಡೆಯಿರುವುದನ್ನು ಕಂಡೆ. ಬಾಗಿಲುಗಳೂ ಬೇರೆ ಬೇರೆ. ಯಜಮಾನರನ್ನು ಮನೆಯಲ್ಲಿ ಮಲಗಿಸಿ ಬರುವವಳಿಗೆ ಆ ಗೋಡೆಯ ನೆನಪಾಗುವ ಸಂದರ್ಭವೇ ಬಂದಿರಲಿಲ್ಲ. ಹೆಮ್ಮೆಯ ಟೀಚರಮ್ಮ ಮರಳಿನಲ್ಲಿ ಮುಖ ಹುದುಗಿಸುವಂತಾಯಿತು.

ಅಷ್ಟರಲ್ಲಿ ಪರದೆಯ ಮೇಲೆ ಉಪ್ಪಿನ ಜಾಡಿಯ ದೃಶ್ಯ ಬಂತು, ಗೋಡೆಯಾಚೆ ಒಬ್ಬ ನಕ್ಕ. ಬಿಂದಿಗೆಯ ನೀರು ಸುರಿದಂತೆ ಗುಳುಗುಳು ಶುರುವಾಗಿ ಕೆಮ್ಮಿನಲ್ಲಿ ಮುಗಿಯುವ ಆ ನಗು ತಾಲ್ಲೂಕಿಗೆ ಒಬ್ಬನದೇ.

“ಅಕ್ಕಾ, ಅದು ನಿಮ್ ತಮ್ಮ ಅಲ್ವಾ?” ಎಂದಳು ಪಾಪಮ್ಮ.

“ಊಂ ಕಣಮ್ಮ,” ಎಂದೆ, ಎದೆಯುಬ್ಬಿಸಿ.

“ನಾನು ಮೂರು ತಿಂಗ್ಳಿಂದ ಅಮ್ಮನ ಮನೇಲಿ ಕಣ್ಣೀರಾಕ್ತಾ ಕುಂತಿದ್ರೆ, ಈವಯ್ಯ ಇಲ್ಲಿ ನಕ್ಕಂಡು ಕುಂತವ್ನಾ? ಅಂಗಾದ್ರೆ ನಾನಿಲ್ದಿದ್ರೆ ಇವ್ನಿಗೇನೂ ಇಲ್ಲ ಅಂತಾಯ್ತು.”

ಆಮೇಲೆ ಚಿತ್ರ ಮುಗಿಯುವ ತನಕ ಅವಳು ಕಣ್ಣು ಕೀಳದೆ ನೋಡಿದಳು, ಒಮ್ಮೆಯೂ ನಗಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟುಹೋದಳು. ಒಬ್ಬರ ಸಂಸಾರಕ್ಕೆ ನನ್ನ ಶಿಫಾರಸು ಕೊಳ್ಳಿಯಿಟ್ಟಿತೆಂದು ನಾನು ಭಾನುವಾರವೆಲ್ಲ ಕಣ್ಣೀರು ಹಾಕಿದೆ.

ಸೋಮವಾರ ಕಾಮಸಮುದ್ರದ ಆ ಮನೆಯ ಜಗಲಿಯಲ್ಲಿ ಎಲ್ಲರೂ ಸೇರಿದೆವು. ಪಾಪಮ್ಮ ಬಾಗಿಲ ಹಿಂದೆ ನಿಂತಿದ್ದಳು. ಗುರುವಪ್ಪನವರು ಎಲೆ ಅಡಿಕೆ ಬಾಯಿಗಿಟ್ಟುಕೊಂಡು ನನ್ನ ತಮ್ಮನ ಕಡೆ ತಿರುಗಿದರು.

“ಏನಪ್ಪಾ ಚೌಡಪ್ಪ, ಎಂಡ್ತಿ ಇಲ್ಲಿ ಅಳ್ತವ್ಳೆ, ನೀನು ಟೆಂಟ್ನಾಗೆ ಕುಂತು ನಗ್ತಿದ್ಯಂತೆ?”

“ನಕ್ಕಿದ್ದು ನಿಜ ದೊಡ್ಡಪ್ಪ,” ಎಂದ ಚೌಡಪ್ಪ, ತಲೆ ಎತ್ತದೆ. “ಆ ಪಿಚ್ಚರ್ನಾಗೆ ಒಬ್ಬ ದಡ್ಡ ಅವ್ನೆ. ಎಂಡ್ತೀನ ಒಂದು ಮಾತು ಕೇಳ್ದೆ ಏನೋ ಮಾಡ್ಬುಟ್ಟು, ತಪ್ಪಾಯ್ತು ಅನ್ನಕ್ಕೆ ಬಾಯಿ ಬರ್ದೆ, ಹಸಿ ಅವಲಕ್ಕಿ ಅಗೀತಾ ಕುಂತವ್ನೆ. ನನ್ನೇ ನೋಡ್ದಂಗಾಯ್ತು. ಅದಕ್ಕೇ ನಗು ಬಂತು.”

ಬಾಗಿಲ ಹಿಂದಿನಿಂದ ಪಾಪಮ್ಮನ ದನಿ ಬಂತು.

“ಈವಯ್ಯ ಹೇಳೋದು ಸುಳ್ಳು ದೊಡ್ಡಪ್ಪ. ತಪ್ಪೆಲ್ಲ ಆ ಪಿಚ್ಚರ್ನಾಗಿರೋ ಎಂಡ್ತೀದೇ. ಗೆರೆ ಎಳ್ದಿದ್ದು ಅವ್ಳು. ಗಂಡ ಪಾಪ ತಪ್ಪಾಯ್ತು ಅನ್ನಕ್ಕೆ ಬಾಯ್ಬುಟ್ಟ, ಅವ್ಳು ಅಷ್ಟರಲ್ಲೇ ಮುಖ ತಿರುಗಿಸ್ಕಂಡ್ಲು. ನಾನು ನೋಡ್ಲಿಲ್ವಾ?”

“ಯಾವಾಗ ಬಾಯ್ಬುಟ್ಟ?” ಚೌಡಪ್ಪ ಮೂರು ತಿಂಗಳ ಮೇಲೆ ಮೊದಲ ಸಲ ಹೆಂಡತಿಯ ಕಡೆ ತಿರುಗಿದ. “ಅದು ಆಕಳಿಕೆ ಕಣೆ. ಅವ್ನಿಗೆಲ್ಲಿ ಬತ್ತದೆ ಅಷ್ಟು ಬುದ್ಧಿ.”

“ಆಕಳಿಕೆ ಅಲ್ಲ. ತಪ್ಪಾಯ್ತು ಅಂದ. ಹಿಂದೀನಾಗೆ ಅಂದ.”

“ತಪ್ಪು ಮಾಡ್ದೋನು ಅವ್ನು ಕಣೆ.”

“ಅವ್ನ ಮಾತ್ಗೆ ಕಾಯ್ದೆ ಎದ್ದೋದೋಳು ಅವ್ಳು.”

ಹಿಂದಿಯ ಒಂದಕ್ಷರವೂ ಬಾರದ ಇಬ್ಬರು, ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ಕೂತು, ಒಂದೇ ಚಿತ್ರದಿಂದ ಎರಡು ಕಥೆ ಕಟ್ಟಿಕೊಂಡು ಬಂದಿದ್ದರು; ಎರಡರಲ್ಲೂ ತಪ್ಪನ್ನು ತಮ್ಮ ತಮ್ಮ ಕಡೆಗೇ ಎಳೆದುಕೊಂಡಿದ್ದರು. ಗುರುವಪ್ಪನವರು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ನೋಡಿ ನೋಡಿ ಸುಸ್ತಾಗಿ, ಕೊನೆಗೆ ನನ್ನ ಕಡೆ ತಿರುಗಿದರು.

“ನೀನು ಹಿಂದಿ ಓದ್ದೋಳಲ್ಲವಾ ಟೀಚರಮ್ಮ. ನೀನೇ ಹೇಳ್ಬುಡು, ತಪ್ಪು ಯಾರ್ದು?”

ನನಗೆ ಗೊತ್ತಿತ್ತು. ಆ ಗಂಡ ಬಾಯಿ ತೆರೆದಾಗ ಆಡಿದ ಪ್ರತಿ ಪದವೂ ನನಗೆ ಕಂಠಪಾಠವಾಗಿತ್ತು, ಆಕಳಿಕೆಯೋ ಅಲ್ಲವೋ, ತಪ್ಪು ಯಾರದೋ, ಸಂದೇಹಕ್ಕೆ ಎಡೆಯೇ ಇರಲಿಲ್ಲ. ಎಲ್ಲ ಮುಖಗಳೂ ನನ್ನ ಕಡೆ ತಿರುಗಿದ್ದವು. ಜೀವಮಾನವೆಲ್ಲ ನಾನು ಕಾದಿದ್ದ ಗಳಿಗೆ ಅದು. ಆದರೆ ತಪ್ಪು ಇಂಥವರದೆಂದು ನಾನು ಒಮ್ಮೆ ಅಂದುಬಿಟ್ಟರೆ, ಇವರಿಬ್ಬರಲ್ಲಿ ಒಬ್ಬರು ಗೆಲ್ಲುತ್ತಾರೆ, ಒಬ್ಬರು ಸೋಲುತ್ತಾರೆ.

“ನಂಗೂ ಸರಿಯಾಗಿ ತಿಳೀಲಿಲ್ಲ ದೊಡ್ಡಪ್ಪ,” ಎಂದೆ. “ನಂಗೆ ಅಷ್ಟು ಹಿಂದಿ ಬರಲ್ಲ.”

ಜಗಲಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರು ಪರೀಕ್ಷೆ ಕಟ್ಟಿದ್ದೆಲ್ಲ ದಂಡವೇ ಎಂದು ಯಾರೋ ಕಿಸಕ್ಕೆಂದರು. ಪಾಪಮ್ಮ ಮಾತ್ರ ನಗಲಿಲ್ಲ. ಒಳಗೆ ಹೋಗಿ ಸೀರೆಯ ಗಂಟನ್ನು ತಂದು, ಜಗಲಿಯ ಮೆಟ್ಟಿಲಿಳಿದು, ಗಂಡನ ಮುಂದೆ ನಿಂತಳು.

“ಏಳು. ಇನ್ನೊಂದು ಸಲ ನೋಡೇಬುಡಾನ, ಆಕಳಿಕೆಯೋ ಅಲ್ವೋ.”

ಅವರು ಬಂಗಾರಪೇಟೆಗೆ ಬರುವಷ್ಟರಲ್ಲಿ ಟೆಂಟಿನಲ್ಲಿ ಪೌರಾಣಿಕ ಚಿತ್ರ ಹಾಕಿದ್ದರು. ಅದನ್ನೇ ನೋಡಿಕೊಂಡು ಊರಿಗೆ ಹೋದರು. ಜಗಲಿಯಲ್ಲಿ ನಾನಾಡಿದ ಮಾತೂ ಅವರಿಗಿಂತ ಮೊದಲೇ ಬಸ್ಸು ಹತ್ತಿ ಬಂದಿತ್ತು. ಮರುದಿನ ನಲ್ಲಿಯ ಬಳಿ ಕೊಡಗಳ ಸಾಲಿತ್ತು, ನನಗಾಗಿ ಕಾಯುವವರಿರಲಿಲ್ಲ. ಸೆಲ್ವಿ ಕೂಡ, ನಿಮಗೆ ಹಿಂದಿ ಬರಲ್ವಂತೆ ಹೌದಾ ಟೀಚರ್ ಎಂದು ಮೆಲ್ಲಗೆ ಕೇಳಿದಳು. ಹೌದೆಂದೆ. ಗೋಡೆಯ ಮೇಲಿನ ಮೂರು ಗಾಜುಗಳನ್ನೂ ಆ ವಾರವೇ ಇಳಿಸಿ ಪೆಟ್ಟಿಗೆಯಲ್ಲಿಟ್ಟೆ. ನಾನು ತೇರ್ಗಡೆಯಾದ ಪರೀಕ್ಷೆಗಳಲ್ಲಿ ನನಗೆ ಅತ್ಯಂತ ಹೆಮ್ಮೆಯದು ಕಾಮಸಮುದ್ರದ ಜಗಲಿಯ ಮೇಲಿನದು, ಅದಕ್ಕೆ ಪ್ರಮಾಣಪತ್ರವಿಲ್ಲ.

ಆ ಗಂಡ ಆಕಳಿಸಿದನೋ, ತಪ್ಪಾಯಿತೆಂದನೋ ಎಂದು ನೀವೀಗ ಕೇಳುತ್ತೀರಿ. ಚೌಡಪ್ಪನೂ ಪಾಪಮ್ಮನೂ ಹಬ್ಬಕ್ಕೆ ನಮ್ಮ ಮನೆಗೆ ಬಂದಾಗಲೆಲ್ಲ ಅದನ್ನೇ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ನನಗೆ ಹಿಂದಿ ಬರುವುದಿಲ್ಲ.