ಮಂದ ನೀರು

ಮಾತಿನ ಚಿಕಿತ್ಸೆಯ ಪದವಿಗೆ ಸೇರಿದ್ದೇನೆಂದು ಹೇಳಿದಾಗ ಅಮ್ಮ ಊರಿನಿಂದ ಫೋನಿನಲ್ಲಿ ಕೇಳಿದ್ದು ಒಂದೇ ಮಾತು. "ಈಗ ನೀನು ಮಾತಾಡುವುದು ಸಾಲುವುದಿಲ್ಲವಾ?"

ನಾನು ನಕ್ಕುಬಿಟ್ಟೆ. ಆಗ ನನಗೆ ನಲವತ್ತರ ಹತ್ತಿರ. ಮದುವೆಯಾಗಿ ಬಹ್ರೈನಿಗೆ ಬಂದವಳು ಬುಸೈತೀನಿನ ನಮ್ಮ ಫ್ಲ್ಯಾಟಿಗೆ ಹತ್ತಿರವಿದ್ದ ಶಿಶುವಿಹಾರವೊಂದರಲ್ಲಿ ಸಹಾಯಕ ಟೀಚರ್ ಆಗಿ ವರ್ಷಗಟ್ಟಲೆ ದುಡಿದಿದ್ದೆ. ಮಾತು ಬಾರದ ಮಕ್ಕಳಿಗಾಗಿ ಅಲ್ಲಿಗೆ ಆಗಾಗ ಒಬ್ಬ ಥೆರಪಿಸ್ಟ್ ಬರುತ್ತಿದ್ದರು. ಅವರು ನೆಲದ ಮೇಲೆ ಕೂತು ಸಾಬೂನಿನ ಗುಳ್ಳೆ ಊದಿ, ಗುಳ್ಳೆ ಒಡೆಯುವ ಗಳಿಗೆಯಲ್ಲಿ ಮಗುವಿನ ಬಾಯಿಂದ ಒಂದು 'ಪಾ' ಹೊರಡಿಸುತ್ತಿದ್ದರು. ಅದನ್ನು ನೋಡುತ್ತ ನೋಡುತ್ತ ನನಗೂ ಅದೇ ಕೆಲಸ ಬೇಕೆನಿಸಿತು. ಜುಫೈರಿನ ಹೋಟೆಲೊಂದರಲ್ಲಿ ಔತಣಕೂಟಗಳ ಉಸ್ತುವಾರಿ ನೋಡುವ ನನ್ನ ಗಂಡ ಹೆಚ್ಚು ಯೋಚಿಸಲಿಲ್ಲ. "ಓದುವುದಾದರೆ ಓದು. ಮಗಳು ಹತ್ತನೇ ಕ್ಲಾಸು, ನೀನು ಫಸ್ಟ್ ಇಯರ್. ಮನೆಯಲ್ಲಿ ಟಿವಿ ಹಾಕುವವ ನಾನೊಬ್ಬನೇ," ಎಂದರು.

ತರಗತಿಯಲ್ಲಿದ್ದವರು ನನ್ನ ಮಗಳಿಗಿಂತ ತುಸುವೇ ದೊಡ್ಡವರಾದ ಬಹ್ರೈನಿ ಹುಡುಗಿಯರು. ಗಂಟಲಿನ ಆಳದಿಂದ ಹೊರಡಿಸಬೇಕಾದ ಅರಬ್ಬಿ ಅಕ್ಷರಗಳನ್ನು ಅವರು ನನಗೆ ಕಲಿಸಿದರು. ನಾನು ಅವರಿಗೆ ನಾಲಗೆ ಹಿಂದಕ್ಕೆ ಮಡಿಸಿ 'ಳ' ಹೇಳಿಕೊಟ್ಟೆ. ಕ್ಯಾಂಟೀನಿನಲ್ಲಿ ಅವರೆಲ್ಲ ಸೇರಿ 'ಬಾಳೆಹಣ್ಣು' ಎನ್ನಲು ಪಡುತ್ತಿದ್ದ ಪಾಡಿಗೆ ಪಕ್ಕದ ಮೇಜಿನವರು ತಿರುಗಿ ನೋಡುತ್ತಿದ್ದರು. ನಮ್ಮ ವಿಷಯವೆಂದರೆ ಮಾತು, ಮಾತು ಮಾತ್ರ, ಎಂದು ನಾವೆಲ್ಲ ನಂಬಿಕೊಂಡಿದ್ದ ಕಾಲ ಅದು.

ಮೂರನೆಯ ವರ್ಷ ನುಂಗುವಿಕೆ ಎಂಬ ವಿಷಯ ಬಂತು. ಮೊದಲ ದಿನವೇ ಪಾಠ ಮಾಡುವ ಮೇಡಂ ಹೇಳಿದರು: "ಆಸ್ಪತ್ರೆಯ ಕೆಲಸಕ್ಕೆ ಹೋಗುವವರು ಚೆನ್ನಾಗಿ ಕೇಳಿಸಿಕೊಳ್ಳಿ. ಜನ ನಿಮ್ಮನ್ನು ಕರೆಯುವುದು ಮಾತು ನಿಂತಾಗ ಮಾತ್ರವಲ್ಲ, ತುತ್ತು ಇಳಿಯದಿದ್ದಾಗಲೂ." ಮಾತಿಗೆ ದುಡಿಯುವ ತುಟಿ, ನಾಲಗೆ, ಗಂಟಲುಗಳೇ ನುಂಗಲೂ ದುಡಿಯುತ್ತವೆ; ಪಾರ್ಶ್ವವಾಯು ಬಡಿದರೆ ಎರಡೂ ಕೆಡಬಹುದು. ಉಸಿರಿನ ಕೊಳವೆ, ಅನ್ನದ ಕೊಳವೆ ಎರಡೂ ಗಂಟಲಿನಲ್ಲಿ ಅಕ್ಕಪಕ್ಕದ ಬಾಗಿಲುಗಳು. ನುಂಗುವಾಗ ಒಂದು ಮುಚ್ಚಿ ಇನ್ನೊಂದು ತೆರೆಯಬೇಕು. ಊಟದ ನಡುವೆ ಕೆಮ್ಮು ಬಂದರೆ ನಾವು ನೆತ್ತಿಗೆ ಹತ್ತಿತು ಎನ್ನುತ್ತೇವೆ, ತಲೆ ತಟ್ಟುತ್ತೇವೆ, ಯಾರೋ ನೆನೆಸಿಕೊಂಡರು ಎನ್ನುತ್ತೇವೆ. ನೀರು ನೆತ್ತಿಗೆ ಹೋಗುವುದೇ ಇಲ್ಲ, ಹೋಗುವುದು ಶ್ವಾಸಕೋಶದ ಕಡೆಗೆ ಎಂದು ನನಗೆ ಸರಿಯಾಗಿ ಹೊಳೆದದ್ದು ಆ ತರಗತಿಯಲ್ಲಿ.

ನುಂಗಲು ಕಷ್ಟವಿರುವವರಿಗೆ ತೆಳು ನೀರು ಅಪಾಯ. ಅದು ಬೇಗ ಜಾರುತ್ತದೆ, ಬಾಗಿಲು ಮುಚ್ಚುವಷ್ಟರಲ್ಲಿ ಒಳಗೆ ನುಗ್ಗಿರುತ್ತದೆ. ಅದಕ್ಕೆ ಒಂದು ಪುಡಿ ಕಲಸಿ ನೀರನ್ನು ಮಂದ ಮಾಡಿ ಕೊಡುತ್ತಾರೆ. ಮೇಡಂ ನಮಗೆಲ್ಲ ಒಂದೊಂದು ಡಬ್ಬಿ ಪುಡಿ ಹಂಚಿ, ಒಂದು ಇಡೀ ದಿನ ಏನು ಕುಡಿದರೂ ಹೀಗೇ ಕುಡಿದು ಬನ್ನಿ ಎಂದರು.

ಶುಕ್ರವಾರ ಬೆಳಿಗ್ಗೆ ಚಹಾಕ್ಕೆ ಪುಡಿ ಹಾಕಿ ಕದಡಿದೆ. ಅದು ಕಣ್ಣೆದುರೇ ಗಂಜಿಯ ತಿಳಿಯಂತಾಗಿ, ಆಮೇಲೆ ಹಸಿ ಜೇನಿನಂತಾಯಿತು. ಗಂಡ ನನ್ನ ಲೋಟದಿಂದ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಹಾಗೇ ನಿಂತರು.

"ಎಂತ ಮಾರಾಯ್ತಿ ಇದು? ಕುಡಿಯುವುದಾ, ಗೋಡೆಗೆ ಪೋಸ್ಟರ್ ಅಂಟಿಸುವುದಾ?"

"ಇದನ್ನೇ ಕುಡಿದು ಬದುಕುವವರಿದ್ದಾರೆ."

"ಪಾಪ ಅಲ್ಲವಾ," ಎಂದು ಅವರು ಕಷ್ಟಪಟ್ಟು ನುಂಗಿದರು. ಮಗಳು ಮೂಸಿಯೇ ದೂರ ಸರಿದಳು. "ಮಮ್ಮಿ, ಪ್ಲೀಸ್, ನನಗೆ ನಾರ್ಮಲ್ ಟೀ."

ಮಧ್ಯಾಹ್ನದ ಹೊತ್ತಿಗೆ ನನಗೆ ಎಲ್ಲಿಲ್ಲದ ಬಾಯಾರಿಕೆ. ಲೋಟ ಲೋಟ ಕುಡಿದರೂ ನೀರು ಕುಡಿದಂತಾಗಲಿಲ್ಲ. ಬಾಯಿ ತುಂಬ ಲೋಳೆಯಷ್ಟೇ. ಸಂಜೆ ನಲ್ಲಿಯಿಂದ ಪಾತ್ರೆಗೆ ಬೀಳುವ ನೀರಿನ ಸದ್ದು ಕೇಳಿಯೇ ಆಸೆಯಾಯಿತು. ಹಾಗೂ ಹೀಗೂ ದಿನ ಮುಗಿಸಿದೆ. ಸೋಮವಾರ ತರಗತಿಯಲ್ಲಿ ಎಲ್ಲರ ಅನುಭವವೂ ಹೆಚ್ಚುಕಡಿಮೆ ಅದೇ. ಇಬ್ಬರು ಮಧ್ಯಾಹ್ನಕ್ಕೇ ಸೋತಿದ್ದರು.

ಅದಾದ ಕೆಲವೇ ವಾರಗಳಲ್ಲಿ ನನ್ನನ್ನು ಆಸ್ಪತ್ರೆಯ ಅಭ್ಯಾಸಕ್ಕೆ ಹಾಕಿದರು. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರ ವಾರ್ಡು. ನನ್ನ ಮೇಲ್ವಿಚಾರಕಿ ಬಹ್ರೈನಿನವರೇ, ನನಗಿಂತ ಕಿರಿಯರು, ಮಾತು ಕಡಿಮೆ. ಅವರು ನನಗೆ ಒಪ್ಪಿಸಿದ ಮೊದಲ ರೋಗಿ ಮುಹರ್ರಕ್‌ನ ಹಳೆಯ ಮನೆತನದ ಒಬ್ಬ ಅಜ್ಜಿ. ಬಲಗೈ ಬಿದ್ದಿತ್ತು, ಮಾತು ತೊದಲುತ್ತಿತ್ತು, ಕಣ್ಣು ಮಾತ್ರ ಬಹಳ ಚುರುಕು. ಎಲ್ಲರೂ ಅವರನ್ನು ಯುಮ್ಮಾ ಎನ್ನುತ್ತಿದ್ದರು, ಅಮ್ಮಾ ಎಂದಂತೆ. ನಾನೂ ಹಾಗೇ ಕರೆದೆ. ದಿನವಿಡೀ ಪಕ್ಕದಲ್ಲಿರುತ್ತಿದ್ದವಳು ಸೊಸೆ. ಸೀಫಿನ ಬ್ಯಾಂಕೊಂದರಲ್ಲಿ ಕೆಲಸ, ಅತ್ತೆಗಾಗಿ ರಜೆ ಹಾಕಿದ್ದಳು. ನನ್ನೊಡನೆ ಇಂಗ್ಲಿಷಿಗೆ ಒಂದಿಷ್ಟು ಹಿಂದಿ ಬೆರೆಸಿ ಮಾತಾಡುತ್ತಿದ್ದಳು.

ಅಜ್ಜಿ ಬಾಯಿ ತೆರೆದರೆ ಒಂದೇ ಶಬ್ದ. "ಮಾಯ್." ಇಲ್ಲಿಯ ಅರಬ್ಬಿಯಲ್ಲಿ ನೀರು. ನಮ್ಮ ಮನೆಯ ಕೊಂಕಣಿಯಲ್ಲಿ ನಾನು ಅತ್ತೆಯನ್ನು ಕರೆಯುವುದು ಮಾಂಯ್ ಎಂದು. ಹಾಗಾಗಿ ಅವರು ಅದನ್ನು ಹೇಳಿದಾಗಲೆಲ್ಲ ಯಾರನ್ನೋ ಕೂಗಿದಂತೆ ಕೇಳುತ್ತಿತ್ತು.

ಅವರನ್ನು ಎಕ್ಸ್‌ರೇ ಕೋಣೆಗೆ ಕರೆದೊಯ್ದೆವು. ಪರದೆಯ ಮೇಲೆ ಕಾಣುವಂತೆ ಬಿಳಿ ಪುಡಿ ಬೆರೆಸಿದ ನೀರನ್ನು ಚಮಚದಲ್ಲಿ ಕೊಟ್ಟೆವು. ಪರದೆಯಲ್ಲಿ ನೀರು ನಾಲಗೆ ದಾಟಿತು, ಗಂಟಲಿಗೆ ಬಂತು, ಅದರದೊಂದು ಸಣ್ಣ ಎಳೆ ಸದ್ದಿಲ್ಲದೆ ಉಸಿರಿನ ಕೊಳವೆಗೆ ಇಳಿಯಿತು. ನಾನು ಕೆಮ್ಮಿಗಾಗಿ ಕಾದೆ. ಅಜ್ಜಿ ಕೆಮ್ಮಲಿಲ್ಲ. ಆರಾಮಾಗಿ ನಮ್ಮನ್ನೇ ನೋಡುತ್ತ ಕೂತಿದ್ದರು.

"ನೋಡಿದೆಯಾ," ಮೇಲ್ವಿಚಾರಕಿ ಮೆಲ್ಲಗೆ ಅಂದರು. "ಗಂಟಲಿಗೆ ಸ್ಪರ್ಶವೇ ಇಲ್ಲ. ಕೆಮ್ಮುವವರಿಗಿಂತ ಇಂಥವರಿಗೇ ಹೆಚ್ಚು ಅಪಾಯ."

ಮಂದ ಮಾಡಿದ ನೀರು ಮಾತ್ರ ಸರಿಯಾದ ದಾರಿಯಲ್ಲೇ ಇಳಿಯಿತು. ಆವತ್ತಿನಿಂದ ಅಜ್ಜಿಗೆ ಅದೇ. ಅಜ್ಜಿ ಒಂದು ಚಮಚ ಬಾಯಿಗೆ ತೆಗೆದುಕೊಂಡು ಎರಡನೆಯದಕ್ಕೆ ತುಟಿ ಬಿಗಿಹಿಡಿದರು. ಮೂರನೆಯದನ್ನು ನನ್ನ ಕೋಟಿನ ಮೇಲೆ ಉಗಿದರು. "ಖಲಾಸ್," ಎಂದರು ಸ್ಪಷ್ಟವಾಗಿ. ಉಚ್ಚಾರಣೆ ಸುಧಾರಿಸಿದೆ ಎಂದು ಮೇಲ್ವಿಚಾರಕಿ ನಗದೆ ಹೇಳಿದರು.

ಅಜ್ಜಿಗೆ ಡ್ರಿಪ್ ಹಾಕಬೇಕಾಯಿತು. ಒಂದು ಬೆಳಿಗ್ಗೆ ನಾನು ಪರದೆ ಸರಿಸಿ ಒಳಗೆ ಹೋದಾಗ ಸೊಸೆ ಬಾಟಲಿಯ ಮುಚ್ಚಳದಲ್ಲಿ ಬರೇ ನೀರು ತುಂಬಿ ಅತ್ತೆಯ ಬಾಯಿಗೆ ಹಿಡಿದಿದ್ದಳು. ಅಜ್ಜಿ ಕಣ್ಣು ಮುಚ್ಚಿ ನುಂಗಿದರು. ಆ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಕೆಮ್ಮಲಿಲ್ಲ, ನೋಡಿ," ಎಂದಳು ಸೊಸೆ. ಸಿಕ್ಕಿಬಿದ್ದವಳಂತೆ ಬಾಟಲಿಯನ್ನು ಹಿಂದಕ್ಕೆ ಸರಿಸಿದಳು. "ಒಂದು ಸಲವೂ ಕೆಮ್ಮಲಿಲ್ಲ. ಏನೂ ಆಗುವುದಿಲ್ಲ."

"ಕೆಮ್ಮದೇ ಇರುವುದೇ ತೊಂದರೆ," ಎಂದೆ.

"ನನ್ನನ್ನು ಮಗಳ ಹಾಗೆ ನೋಡಿಕೊಂಡವರು. ನೀರು ಕೇಳುತ್ತಾರೆ. ಇಲ್ಲ ಎನ್ನಲು ನನ್ನಿಂದಾಗುವುದಿಲ್ಲ. ನಿಮ್ಮಿಂದಾಗುತ್ತದಾ?"

ನನ್ನಿಂದಲೂ ಆಗುತ್ತಿರಲಿಲ್ಲ. ಹಾಗೆಂದು ಸುಮ್ಮನಿರುವಂತೆಯೂ ಇರಲಿಲ್ಲ. ಕುರ್ಚಿ ಎಳೆದು ಅವಳ ಪಕ್ಕ ಕೂತು, ಆ ಪುಡಿ ಕಲಸಿದ ಚಹಾ ಕುಡಿದು ದಿನ ಕಳೆದ ಕಥೆ ಹೇಳಿದೆ. ಸಂಜೆ ನಲ್ಲಿಯ ಸದ್ದಿಗೇ ಆಸೆಪಟ್ಟದ್ದನ್ನೂ ಹೇಳಿದೆ. ಅವಳು ಅರ್ಧ ಅಳುತ್ತ ಅರ್ಧ ನಕ್ಕಳು. ಆಮೇಲೆ, ಇದನ್ನು ಮೇಲ್ವಿಚಾರಕಿಗೆ ತಿಳಿಸಲೇಬೇಕು, ನಿಮ್ಮ ಮೇಲೆ ದೂರಲ್ಲ, ಅತ್ತೆಯ ಎದೆಯನ್ನು ಪರೀಕ್ಷಿಸಬೇಕಲ್ಲ ಎಂದೆ. ಅವಳು ತಲೆಯಾಡಿಸಿದಳು.

ಮೇಲ್ವಿಚಾರಕಿ ಬೈಯಲಿಲ್ಲ. ಸೊಸೆಯನ್ನು ಒಳಗೆ ಕರೆದು ಎಕ್ಸ್‌ರೇಯ ವಿಡಿಯೋ ತೋರಿಸಿದರು. ನೀರಿನ ಎಳೆ ತಪ್ಪು ಬಾಗಿಲಲ್ಲಿ ಇಳಿದದ್ದನ್ನು ಅವಳು ಬಾಯಿಗೆ ಕೈ ಅಡ್ಡ ಹಿಡಿದು ನೋಡಿದಳು. ಇನ್ನೊಮ್ಮೆ ತೋರಿಸಿ ಎಂದಳು. ಅಜ್ಜಿಯ ಎದೆ ಸದ್ಯ ಸ್ವಚ್ಛವಾಗಿಯೇ ಇತ್ತು.

ಆಮೇಲೆ ಮೇಲ್ವಿಚಾರಕಿ ನನ್ನ ಕಡೆ ತಿರುಗಿದರು. "ಏನು ಕೊಡಬಾರದೆಂದು ನಾವೆಲ್ಲ ಹೇಳಿಯಾಯಿತು. ಅವರಿಗೆ ಏನು ಬೇಕೆಂದು ನೀನು ಕೇಳಿದೆಯಾ?"

ಕೇಳಿರಲಿಲ್ಲ. ಹೋಗಿ ಕೇಳಿದೆ. ನನ್ನ ಹರಕುಮುರುಕು ಅರಬ್ಬಿಗೆ ಅಜ್ಜಿ ಒಂದೊಂದೇ ಅಕ್ಷರ ಹೊಂದಿಸಿಕೊಂಡು ಹೇಳಿದರು. "ತಮ್ರ್." ಖರ್ಜೂರ.

ಸೊಸೆಗೆ ಕೂಡಲೇ ಅರ್ಥವಾಯಿತು. ರಂಜಾನ್ ಶುರುವಾಗುವುದರಲ್ಲಿತ್ತು. ಕಾಯಿಲೆಯವರು ಉಪವಾಸ ಮಾಡಬೇಕಿಲ್ಲ, ಅದು ಅಜ್ಜಿಗೂ ಗೊತ್ತು. ಆದರೆ ಸಂಜೆ ಬಾಂಗಿನ ಹೊತ್ತಿಗೆ ಎಲ್ಲರ ಜೊತೆ ಒಂದು ಖರ್ಜೂರ ಬಾಯಿಗಿಡುವುದನ್ನು ಅವರು ಹುಡುಗಿಯಾಗಿದ್ದಾಗಿನಿಂದ ತಪ್ಪಿಸಿದವರಲ್ಲ.

ಇಡೀ ಖರ್ಜೂರವಂತೂ ಆಗದ ಮಾತು. ಅಂಟುತ್ತದೆ, ಸಿಪ್ಪೆ ಗಂಟಲಲ್ಲಿ ಕೂರುತ್ತದೆ. "ಚಮಚ ಓರೆ ಮಾಡಿದರೆ ಇಡಿಯಾಗಿ ಜಾರಿ ಬೀಳಬೇಕು. ಚಮಚಕ್ಕೆ ಅಂಟಿಕೊಂಡು ಉಳಿಯಬಾರದು, ನೀರಾಗಿ ಹರಿಯಲೂಬಾರದು. ಹಾಗೆ ಮಾಡಿ ತಾ, ನೋಡೋಣ," ಎಂದರು ಮೇಲ್ವಿಚಾರಕಿ.

ಆ ವಾರ ನಮ್ಮ ಅಡುಗೆಮನೆ ತುಂಬ ಖರ್ಜೂರ. ಬೀಜ ತೆಗೆದು ಬಿಸಿನೀರಿನಲ್ಲಿ ನೆನೆಸಿ ಮಿಕ್ಸಿಗೆ ಹಾಕಿದೆ. ಮೊದಲನೆಯದು ಚಮಚ ತಲೆಕೆಳಗು ಮಾಡಿದರೂ ಬೀಳಲಿಲ್ಲ. ಇನ್ನಷ್ಟು ನೀರು ಹಾಕಿದರೆ ಪಾನಕವಾಯಿತು. ಕೆಲಸ ಮುಗಿಸಿ ಬಂದ ಗಂಡ ಷರ್ಟಿನ ತೋಳು ಮಡಚಿಕೊಂಡು ಪಕ್ಕಕ್ಕೆ ಬಂದರು.

"ಮೊದಲು ಜರಡಿಯಲ್ಲಿ ತಿಕ್ಕಿ ತೆಗಿ. ಸಿಪ್ಪೆ ಉಂಟಲ್ಲ, ಅದು ಹೋಗದೆ ನುಣ್ಣಗೆ ಆಗುವುದಿಲ್ಲ."

"ಮಗುವಿಗೆ ರಾಗಿ ಮಣ್ಣಿ ಮಾಡುವಾಗ ಸೋಸಿದ ಹಾಗೆ?"

"ಅದೇ. ನಿನಗೆ ಗೊತ್ತಿರುವುದೇ ಅಲ್ಲವಾ?"

ಗೊತ್ತಿತ್ತು. ಮಗಳಿಗೆ ಹಲ್ಲು ಬರುವ ಮುಂಚೆ ಎಷ್ಟು ಸಲ ಮಾಡಿರಲಿಲ್ಲ! ಬಟ್ಟೆಯಲ್ಲಿ ಸೋಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಆರಿಸಿದೆ. ಮಗಳು ಚಮಚ ಓರೆ ಮಾಡಿದಳು. ಮುದ್ದೆ ಒಂದು ಕ್ಷಣ ತಡೆದು, ಇಡಿಯಾಗಿ ತಟ್ಟೆಗೆ ಜಾರಿತು. "ಪಾಸ್!" ಎಂದು ಕೂಗಿ ಅವಳು ಅದನ್ನೇ ತಿಂದಳು. ಈ ಸಲ ಮೂಸಿ ನೋಡಲಿಲ್ಲ.

ಮೇಲ್ವಿಚಾರಕಿ ಅದನ್ನು ತಾವೇ ಪರೀಕ್ಷಿಸಿ ಒಪ್ಪಿದರು. ರಂಜಾನಿನ ಮೊದಲ ಸಂಜೆ ಡ್ಯೂಟಿ ಮುಗಿದರೂ ನನ್ನೊಂದಿಗೆ ನಿಂತರು. ಅಜ್ಜಿಯನ್ನು ನೆಟ್ಟಗೆ ಕೂರಿಸಿ ಬೆನ್ನಿಗೆ ದಿಂಬು ಕೊಟ್ಟೆವು. ಮಗ, ಸೊಸೆ, ಮೊಮ್ಮಕ್ಕಳು ಹಾಸಿಗೆಯ ಸುತ್ತ. ಟಿವಿಯಲ್ಲಿ ಇಫ್ತಾರಿನ ತೋಪು ಹಾರಿತು, ಹಿಂದೆಯೇ ಬಾಂಗು ಕೇಳಿಸಿತು. ಎಲ್ಲರ ಕೈಯಲ್ಲೂ ಖರ್ಜೂರ. ಯಾರೂ ಬಾಯಿಗೆ ಇಡಲಿಲ್ಲ. ಅಜ್ಜಿಗಾಗಿ ಕಾದರು.

"ಬಿಸ್ಮಿಲ್ಲಾ," ಎಂದು ಅಜ್ಜಿ ತೊದಲಿದರು. ಸೊಸೆ ಚಮಚ ಹಿಡಿದಳು. ನಾನು ಅವರ ಗದ್ದವನ್ನು ಎದೆಯ ಕಡೆಗೆ ತುಸು ಬಾಗಿಸಿ, ಇನ್ನೊಂದು ಕೈಯ ಬೆರಳುಗಳನ್ನು ಗಂಟಲಿನ ಮೇಲೆ ಹಗುರವಾಗಿ ಇಟ್ಟೆ. "ಶ್ವಯ್ಯಾ ಶ್ವಯ್ಯಾ, ಯುಮ್ಮಾ." ಮೆಲ್ಲಗೆ, ಮೆಲ್ಲಗೆ. ತುಟಿ ಮುಚ್ಚಿತು, ನಾಲಗೆ ಆಡಿತು. ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ನನ್ನ ಬೆರಳ ಕೆಳಗೆ ಗಂಟಲಿನ ಗಂಟು ಮೇಲೆದ್ದು ಇಳಿಯಿತು.

"ಆ ಅನ್ನಿ," ಎಂದೆ. ನುಂಗಿದ್ದು ದಾರಿಯಲ್ಲಿ ಉಳಿದಿದ್ದರೆ ದನಿ ಗೊರಗೊರ ಎನ್ನುತ್ತದೆ. ಅಜ್ಜಿ 'ಆ' ಎನ್ನಲಿಲ್ಲ. ಕಣ್ಣು ಮುಚ್ಚಿಕೊಂಡು "ಅಲ್ಹಮ್ದುಲಿಲ್ಲಾ" ಎಂದರು. ದನಿ ಒಣಗಿತ್ತು, ಸಣ್ಣದಾಗಿತ್ತು, ಆದರೆ ಗೊರಗೊರ ಎನ್ನಲಿಲ್ಲ. ಮಗ ಮುಖ ತಿರುಗಿಸಿಕೊಂಡು ಕಿಟಕಿಯ ಕಡೆ ಹೋದ. ಆಗ ಎಲ್ಲರೂ ತಮ್ಮ ತಮ್ಮ ಖರ್ಜೂರ ತಿಂದರು. ನನ್ನ ಕೈಗೂ ಒಂದು ಬಂತು.

ಎರಡನೆಯ ಚಮಚಕ್ಕೆ ಅಜ್ಜಿ ಸೊಸೆಯ ಕಿವಿಯಲ್ಲಿ ಏನೋ ಅಂದರು. ಏನೆಂದು ಕೇಳಿದೆ.

"ಖರ್ಜೂರ ಒಳ್ಳೆಯ ಜಾತಿಯದಲ್ಲವಂತೆ. ನಾಳೆ ಮನೆಯಿಂದ ತರಬೇಕಂತೆ."

ಮರುದಿನದಿಂದ ಸೊಸೆಯೇ ಮಾಡಿ ತಂದಳು. ವಾರ ಕಳೆಯುವಷ್ಟರಲ್ಲಿ ಗೋಧಿ, ಮಾಂಸ ಬೇಯಿಸಿ ಕಡೆದ ಹರೀಸ್ ಕೂಡ ಜರಡಿಯಲ್ಲಿಳಿದು ನುಣ್ಣಗಾಗಿ ಬಂತು. ಹೊಟ್ಟೆಗೆ ಇಷ್ಟವಾದದ್ದು ಬೀಳತೊಡಗಿದ ಮೇಲೆ ಮಂದ ನೀರಿನ ಮೇಲಿದ್ದ ಅಜ್ಜಿಯ ಹಟವೂ ತುಸು ಸಡಿಲಿತು. ಅದಕ್ಕೆ ಗುಲಾಬಿ ನೀರಿನ ಪರಿಮಳ ಹಾಕಿದರೆ ಮುಖ ಸಿಂಡರಿಸಿಕೊಂಡಾದರೂ ಕುಡಿಯುತ್ತಿದ್ದರು. ಡ್ರಿಪ್ ತೆಗೆದರು. ದಿನವೂ ನಾಲಗೆಗೆ, ಗಂಟಲಿಗೆ ವ್ಯಾಯಾಮ ಮಾಡಿಸುತ್ತಿದ್ದೆ. ನಾನು ಹೇಳಿದ್ದಕ್ಕಿಂತ ಒಂದು ಹೆಚ್ಚೇ ಮಾಡಿ, ನನ್ನನ್ನು ಗೆದ್ದವರಂತೆ ನೋಡುತ್ತಿದ್ದರು.

ಅಷ್ಟರಲ್ಲಿ ನನ್ನ ಅಭ್ಯಾಸದ ಅವಧಿ ಮುಗಿದು ಮಕ್ಕಳ ಚಿಕಿತ್ಸಾಲಯಕ್ಕೆ ಹಾಕಿದರು. ಅಜ್ಜಿಯ ಎರಡನೆಯ ಎಕ್ಸ್‌ರೇ ನಡೆದಾಗ ನಾನು ಅಲ್ಲಿರಲಿಲ್ಲ. ಆ ಮಧ್ಯಾಹ್ನ ಚಿಕಿತ್ಸಾಲಯದ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ ಇಳಿಯುವಷ್ಟರಲ್ಲಿ ಮೇಲ್ವಿಚಾರಕಿಯ ಸಂದೇಶ ಬಂತು: ಗದ್ದ ಬಾಗಿಸಿ, ಸಣ್ಣ ಸಣ್ಣ ಗುಟುಕಾದರೆ ತೆಳು ನೀರು ಕೊಡಬಹುದು. ಕೆಳಗೆ, ಸೊಸೆ ನನಗೆ ಕಳಿಸಲು ಹೇಳಿದ ಒಂದು ಧ್ವನಿ ಸಂದೇಶ. ಕಾರಿನೊಳಗೇ ಕೂತು ಕೇಳಿದೆ. ಲೋಟ ಇಟ್ಟ ಸದ್ದು, ಎಲ್ಲರ ಗದ್ದಲ, ಅದರ ನಡುವೆ ಅಜ್ಜಿಯ ಸಣ್ಣ ದನಿ ಏನನ್ನೋ ಗದರುತ್ತಿತ್ತು. ಕೊನೆಯಲ್ಲಿ ಸೊಸೆ ನಗುತ್ತ ಇಂಗ್ಲಿಷಿನಲ್ಲಿ ವಿವರಿಸಿದ್ದಳು: ನೀರು ಸಾಕಷ್ಟು ತಣ್ಣಗಿಲ್ಲ ಎಂದು ದೂರುತ್ತಿದ್ದಾರೆ.

ಫೋನು ಚೀಲಕ್ಕೆ ಹಾಕಿ, ಗುಳ್ಳೆ ಊದುವ ಬಾಟಲಿ ಕೈಗೆ ತೆಗೆದುಕೊಂಡು ಒಳಗೆ ಹೋದೆ. ಇನ್ನೂ ಒಂದು ಶಬ್ದವನ್ನೂ ಆಡದ ಪುಟ್ಟ ಹುಡುಗಿಯೊಬ್ಬಳು ಅಮ್ಮನ ಕಪ್ಪು ಅಬಾಯಾದ ನೆರಿಗೆಗಳ ಹಿಂದೆ ಅಡಗಿ ನಿಂತಿದ್ದಳು. ನಾನು ನೆಲದ ಮೇಲೆ ಕೂತೆ.