ಬಾಟಲಿ ಮಾವ ಸೋಸಿದ ನೀರು

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕ್ಷಮಿಸಿ. ಎಂಟನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ಆಮೇಲೆ ಈ ಕೈಗೆ ಪೆನ್ನಿಗಿಂತ ಸೋಪೇ ಹೆಚ್ಚು ಸಿಕ್ಕಿದೆ. ದೊಡ್ಡ ಮಾತುಗಳು ಬರುವುದಿಲ್ಲ. ನನ್ನ ಸೋದರಮಾವನ ಕಥೆಯನ್ನು ಅವರು ಹೇಳಿದ ಹಾಗೆ, ಅನುಮಾನ ಬಂದ ಕಡೆ ಎರಡೆರಡು ಸಲ ಕೇಳಿಕೊಂಡು ಬರೆದಿದ್ದೇನೆ. ಇದರಲ್ಲಿ ಬರುವ ಅಕ್ಕ ಅವರ ಅಕ್ಕ, ಅಂದರೆ ನನ್ನ ಅಮ್ಮ.

ಸಕ್ಕರೆ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಬಾಟಲಿ ಮಾವ ಎಂದೇ ಕರೆಯುತ್ತಿದ್ದರು. ಕುಡಿತದ ಗಾಳಿಯೂ ಸೋಕದ ಮನುಷ್ಯ. ಆದರೆ ಕಬ್ಬು ಅರೆಯುವ ತಿಂಗಳುಗಳಲ್ಲಿ ಪ್ರತಿ ಮಂಗಳವಾರ ಬೆಳಿಗ್ಗೆ ಎರಡು ಬಾಟಲಿ ಹಿಡಿದು ಕಾರ್ಖಾನೆಯ ಹಿಂಬದಿಗೆ ಹೋಗುವುದು ಅವರ ಕೆಲಸ. ಯಂತ್ರಗಳನ್ನೂ ನೆಲವನ್ನೂ ತೊಳೆದ ನೀರು ಅಲ್ಲಿ ಮೂರು ಕೊಳ ದಾಟಿ, ಕೊನೆಯ ಕೊಳದ ತೂಬಿನಿಂದ ಹಳ್ಳಕ್ಕೆ ಬೀಳುತ್ತದೆ. ಆ ತೂಬಿನ ಬಾಯಲ್ಲಿ ನೀರು ಹಿಡಿದು, ಚೀಟಿ ಅಂಟಿಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಪರೀಕ್ಷೆಗೆ ಕಳಿಸಬೇಕು.

"ಏನ್ ಬಾಟಲಿ ಮಾವ, ಇವತ್ತು ಹಾಫಾ ಫುಲ್ಲಾ?" ಎಂದು ಗೇಟಿನ ಕಾವಲುಗಾರ ಪ್ರತಿ ಮಂಗಳವಾರವೂ ಕೇಳುತ್ತಿದ್ದ.

"ಎರಡು ಫುಲ್ಲು. ನಿಂಗೂ ಒಂದು ಗುಟುಕು ಹಾಕ್ಲಾ? ಜನ್ಮದಲ್ಲಿ ಮತ್ತೆ ಕೇಳಲ್ಲ" ಎನ್ನುತ್ತಿದ್ದರು ಮಾವ.

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಅವರು ಒಂದು ಬೈಗುಳ ತಿಂದಿದ್ದರು. ಬಾಟಲಿಯೊಳಗೆ ಒಂದು ಒಣಗಿದ ಎಲೆ, ಒಂದು ಸತ್ತ ಹುಳ ಹೋಗಿಬಿಟ್ಟಿತ್ತು. ಆಗಿದ್ದ ಮುದಿ ಕೆಮಿಸ್ಟ್ ಬಾಟಲಿಯನ್ನು ಅವರ ಮೂಗಿನ ಹತ್ತಿರ ಹಿಡಿದು, "ನೀರು ತರೋಕೆ ಹೇಳಿದ್ರೆ ಕಸದ ಬುಟ್ಟಿ ತಂದಿದ್ದೀಯಲ್ಲಯ್ಯ! ಶುದ್ಧವಾಗಿ ಹಿಡಿಯೋಕೆ ಬರಲ್ವಾ?" ಎಂದು ಹತ್ತು ಜನರ ಮುಂದೆ ಕೂಗಾಡಿದ. ಮಾವನಿಗೆ ನೆಲಕ್ಕಿಳಿದುಹೋದ ಹಾಗಾಯಿತು. ಅವತ್ತು ಮನೆಗೆ ಬಂದವರೇ ಹಳೆಯ ದಿಂಬಿನ ಚೀಲ ಹರಿದು, ಬಿಳಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹೊಲಿದರು.

ಮುಂದಿನ ವಾರದಿಂದ ನೀರನ್ನು ಬಕೆಟ್ಟಿಗೆ ಹಿಡಿದು, ಅರ್ಧ ಗಂಟೆ ತಿಳಿಯಾಗಲು ಬಿಟ್ಟು, ಮೇಲೆ ತೇಲುವ ಎಣ್ಣೆಯನ್ನು ತಟ್ಟೆಯಿಂದ ಬಳಿದು ಚೆಲ್ಲಿ, ಆ ಬಟ್ಟೆಯಲ್ಲಿ ಸೋಸಿಯೇ ಬಾಟಲಿಗೆ ತುಂಬಿದರು. ಮತ್ತೆ ಯಾರೂ ಬೈಯಲಿಲ್ಲ. ಹಾಗೆ ಹದಿನಾಲ್ಕು ಹಂಗಾಮು ಕಳೆಯಿತು. ಪರೀಕ್ಷೆಯ ವರದಿ ಒಂದು ಸಲವೂ ಮಿತಿ ದಾಟಲಿಲ್ಲ. ಕಾರ್ಖಾನೆಯವರು ಅವರಿಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಅದು ಈಗಲೂ ಐದು ನಿಮಿಷ ಮುಂದೆ ಓಡುತ್ತದೆ.

ಅಕ್ಕ ಹಳ್ಳದ ಕೆಳಗಡೆ ಬಟ್ಟೆ ಒಗೆಯುತ್ತಿದ್ದಳು. ವಸತಿಗೃಹಗಳ ಹಾಸಿಗೆ ಹೊದಿಕೆಗಳೇ ಅವಳ ಅನ್ನ. ಹಂಗಾಮು ಶುರುವಾದರೆ ಸಾಕು, ಬಿಳಿ ಹೊದಿಕೆಯ ಮೇಲೆ ಕಂದು ಚುಕ್ಕೆ, ಕೊಳೆತ ವಾಸನೆ. ಒಂದೊಂದೇ ವಸತಿಗೃಹ ಕೈಬಿಟ್ಟಿತು.

"ನಿಮ್ಮ ಕಾರ್ಖಾನೆ ನೀರೇ ಕಣೋ ಇದು" ಎಂದಳು ಅಕ್ಕ.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಳಂತೆ. ಸೋಪು ಬದಲಾಯಿಸು. ಆ ನೀರನ್ನ ನನ್ನ ಕೈಯಾರೆ ಹಿಡೀತೀನಿ ನಾನು."

ಆ ಮಾತಿಗೆ ಅಕ್ಕ ಒಂದು ತಿಂಗಳು ಮಾತು ಬಿಟ್ಟಳು. ಆದರೆ ಮಂಗಳವಾರದ ಆ ಸೋಸುವ ಬಟ್ಟೆಯನ್ನು ಒಗೆದುಕೊಡುವುದನ್ನು ಮಾತ್ರ ಬಿಡಲಿಲ್ಲ. ಗ್ರೀಸ್ ಒರೆಸಿದ ಬಟ್ಟೆ ಎಂದುಕೊಂಡಿದ್ದಳು. ಏನೆಂದು ಅವಳು ಕೇಳಲಿಲ್ಲ, ಇವರು ಹೇಳಲಿಲ್ಲ.

ಈ ವರ್ಷ ಕಾರ್ಖಾನೆಯನ್ನು ಹಿಗ್ಗಿಸುವ ಕೆಲಸ ಶುರುವಾಯಿತು. ಅರೆಯುವ ಕಬ್ಬು ಎರಡೂವರೆ ಪಟ್ಟಾಗುವುದಿತ್ತು. ಹೊಸ ಕೊಳಕ್ಕೆ ಗುಂಡಿಯೂ ತೋಡಿ ಆಗಿತ್ತು. ಸೋಮವಾರ ಕಾಂಕ್ರೀಟು, ಅದಕ್ಕೆ ಮೊದಲು ಶನಿವಾರ ಊರವರ ಅಹವಾಲು ಕೇಳುವ ಸಭೆ. ಕೊಳಗಳ ಉಸ್ತುವಾರಿಗೆ ಹೊಸದಾಗಿ ಬಂದ ಇಂಜಿನಿಯರ್ ಹುಡುಗಿ, ಮಂಗಳವಾರ ಮಾವನ ಹಿಂದೆಯೇ ಬಂದಳು.

"ಪ್ರತಿ ವಾರ ಹೇಗೆ ಮಾಡ್ತೀರೋ ಹಾಗೇ ಮಾಡಿ ಮಾವ. ನಾನು ಸುಮ್ಮನೆ ನೋಡ್ತೀನಿ."

ಮಾವನಿಗೆ ಒಳಗೊಳಗೇ ಹಿಗ್ಗು. ಅವರ ಕೆಲಸವನ್ನು ನೋಡಲೆಂದೇ ಇಷ್ಟು ವರ್ಷ ಯಾರೂ ಬಂದಿರಲಿಲ್ಲ. ತಿಳಿಯಾಗಲು ಬಿಟ್ಟರು, ಎಣ್ಣೆ ಬಳಿದರು, ಜೇಬಿನಿಂದ ಬಟ್ಟೆ ತೆಗೆದು ಎರಡು ಸಲ ಒದರಿದರು.

"ಅದೇನದು?"

"ಸೋಸೋ ಬಟ್ಟೆ."

"ಯಾಕೆ ಸೋಸ್ತೀರಿ?"

"ಕಸ ಇರುತ್ತಲ್ಲಮ್ಮ!"

ಅವಳು ಒದ್ದೆ ಕಟ್ಟೆಯ ಮೇಲೆ ಕುಳಿತಳು. ಮಗುವಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದಳು: "ಮಾವ, ಆ ಕಸ ಎಷ್ಟಿದೆ ಅಂತ ಅಳೆಯೋಕೇ ಬಾಟಲಿ ಕಳಿಸೋದು."

ಮಾತು ಮಾವನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಬಕೆಟ್ಟನ್ನು ಎತ್ತಿ ಹಿಡಿದವರು ಹಿಡಿದೇ ನಿಂತಿದ್ದರು. ಬಕೆಟ್ಟು ವಾಲಿ ನೀರು ಚಪ್ಪಲಿಯ ಮೇಲೆ ಸುರಿದಾಗಲೇ ಅದನ್ನು ಕೆಳಗಿಟ್ಟರು.

ಅವಳು ಸೋಸದೆ ಒಂದು ಬಾಟಲಿ ಹಿಡಿದಳು. ಲೀಟರಿಗೆ ಮೂವತ್ತು ಮಿಲಿಗ್ರಾಂ ಮೀರಬಾರದ ಕಸ ಅದರಲ್ಲಿ ನೂರ ಅರವತ್ತೆಂಟು ಇತ್ತು. ಮಾವ ಸೋಸಿ ಕಳಿಸಿದ ಹಿಂದಿನ ಬಾಟಲಿಗಳಲ್ಲಿ ಸರಾಸರಿ ಇಪ್ಪತ್ತೆರಡು. ಹೊಸ ಕೊಳದ ಉದ್ದಗಲವನ್ನೆಲ್ಲ ಈ ಇಪ್ಪತ್ತೆರಡನ್ನು ನಂಬಿಯೇ ಲೆಕ್ಕ ಹಾಕಿದ್ದರು. ಸೋಮವಾರ ಕಾಂಕ್ರೀಟು ಬಿದ್ದರೆ, ಎರಡೂವರೆ ಪಟ್ಟು ಕೊಳಕು ಆ ಚಿಕ್ಕ ಕೊಳವನ್ನು ದಾಟಿ ಹಳ್ಳಕ್ಕೇ ಬರುವುದಿತ್ತು.

ಮ್ಯಾನೇಜರ್ ಮಾವನನ್ನು ಕೋಣೆಗೆ ಕರೆಸಿ, ಕುರ್ಚಿ ತೋರಿಸಿದರು. ಅಲ್ಲಿ ಕುರ್ಚಿ ಸಿಕ್ಕಿದ್ದು ಅದೇ ಮೊದಲು.

"ಅವಳ ಹತ್ತಿರ ಇರೋದು ಒಂದೇ ಬಾಟಲಿ. ಹಂಗಾಮಿನ ಶುರುವಿನಲ್ಲಿ ಹೆಚ್ಚುಕಮ್ಮಿ ಇರುತ್ತೆ ಅಂದ್ರೆ ಮುಗೀತು. ನಿನ್ನದು ಹದಿನಾಲ್ಕು ವರ್ಷದ ಸಹಿ. ನೀನಾಗಿ ಬಾಯಿ ಬಿಟ್ಟರೆ ಎಲ್ಲಾ ನಿನ್ನ ತಲೆಗೇ ಬರುತ್ತೆ. ನಿವೃತ್ತಿಗೆ ಎರಡು ವರ್ಷ ಇದೆ ಅಲ್ವಾ? ಮುಂದಿನ ವಾರದಿಂದ ಸೋಸಬೇಡ, ಅಷ್ಟೇ."

ಮಾವ ಕುರ್ಚಿಯಿಂದ ಎದ್ದು ಹೊರಬಂದರು. ನೇರ ಹಳ್ಳಕ್ಕೆ ಇಳಿದರು. ಅಕ್ಕನ ಒಗೆಯುವ ಕಲ್ಲಿನ ಪಕ್ಕ ಮೊಣಕೈವರೆಗೆ ಕೈ ಹಾಕಿದರು. ತಳ ಸಿಗಲಿಲ್ಲ. ಹಿಡಿಯಲ್ಲಿ ಬಂದದ್ದು ಕಪ್ಪು ರಾಡಿ, ಅದರ ತುಂಬ ಕಬ್ಬಿನ ಸಿಪ್ಪೆಯ ಸಣ್ಣ ಎಳೆಗಳು. ಆ ಎಳೆಗಳ ಗುರುತು ಅವರಿಗಿದ್ದಷ್ಟು ಇನ್ನಾರಿಗೂ ಇರಲಿಲ್ಲ. ವಾರವಾರವೂ ಬಟ್ಟೆಯಿಂದ ಒದರುತ್ತಿದ್ದುದು ಇದನ್ನೇ. ಕೈ ತೊಳೆಯೋಣವೆಂದರೆ ಅಲ್ಲಿದ್ದುದು ಅದೇ ನೀರು.

ಶನಿವಾರ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸಭೆ. ಅಹವಾಲು ಕೇಳಲು ಬಂದ ಸರ್ಕಾರಿ ಅಧಿಕಾರಿ, ಇಂಜಿನಿಯರ್ ಹುಡುಗಿಯ ಒಂದು ಬಾಟಲಿಯನ್ನೂ ಮಾವನ ಹದಿನಾಲ್ಕು ವರ್ಷದ ವರದಿಗಳನ್ನೂ ಮೇಜಿನ ಮೇಲಿಟ್ಟುಕೊಂಡು, "ಇದರಲ್ಲಿ ಯಾವುದು ಸರಿ?" ಎಂದರು. ಮಾವ ಕೊನೆಯ ಕೊಳದ ತೂಬಿನಿಂದ ತಂದಿದ್ದ ನೀರಿನ ಬಕೆಟ್ಟು ಹಿಡಿದು ಎದ್ದರು. "ಬಾಟಲಿ ಮಾವ ಇವತ್ತು ಎಲ್ಲರೆದುರೇ!" ಎಂದು ಯಾರೋ ಕೂಗಿ, ನಗು ಎದ್ದಿತು.

ಅವರು ಬಕೆಟ್ಟನ್ನು ಮೇಜಿನ ಮೇಲಿಟ್ಟರು. ಒಂದು ಬಾಟಲಿಗೆ ಸೋಸದೆ ತುಂಬಿದರು, ಇನ್ನೊಂದಕ್ಕೆ ಬಟ್ಟೆ ಹಿಡಿದು ತುಂಬಿದರು. ಎರಡನ್ನೂ ಅಕ್ಕಪಕ್ಕ ಇಟ್ಟು, ಸೋಸಿದ್ದರ ಮೇಲೆ ಬೆರಳಿಟ್ಟು, "ನಾನು ಕಳಿಸ್ತಿದ್ದದ್ದು ಇದು" ಎಂದರು. ಆಮೇಲೆ ಕಂದು ಬಾಟಲಿ ತೋರಿಸಿ, "ಹಳ್ಳಕ್ಕೆ ಹೋಗ್ತಿದ್ದದ್ದು ಇದು. ಒಂದು ವಾರವೂ ತಪ್ಪಿಸಿಲ್ಲ. ನಂಗೆ ಗೊತ್ತಿರಲಿಲ್ಲ" ಎಂದರು.

ನಗು ಎಲ್ಲಿ ಹೋಯಿತೋ. ಹಿಂದಿನ ಬೆಂಚಿನಿಂದ ಅಕ್ಕ ಎದ್ದು ಬಂದು, ಅವರ ಕೈಯ ಬಟ್ಟೆಯನ್ನು ತೆಗೆದುಕೊಂಡು, ಹೊಲಿಗೆಯನ್ನು ಬೆರಳಿನಿಂದ ಮುಟ್ಟಿದಳು.

"ಇದು ನಾನು ಒಗೀತಿದ್ದ ಬಟ್ಟೆ ಅಲ್ವೇನೋ?"

"ಹೌದಕ್ಕ."

"ಊರೆಲ್ಲ ಸಾಕ್ಷಿ ಹುಡುಕ್ತಿದ್ದೆ. ನನ್ನ ಮೂಟೆಯಲ್ಲೇ ಇತ್ತಲ್ಲೋ. ವಾರವಾರ ಆ ಹಳ್ಳದಲ್ಲೇ ಜಾಲಾಡಿ ಜಾಲಾಡಿ ಕಸ ಬಿಡಿಸಿ ಕೊಟ್ಟೆನಲ್ಲೋ!" ಎಂದಳು.

ಅಧಿಕಾರಿ ಕಾಂಕ್ರೀಟು ನಿಲ್ಲಿಸಿ ಎಂದು ಬರೆದರು. ಐದು ವಾರ ಸೋಸದ ನೀರನ್ನು ಅಳೆದು, ಕೊಳದ ಲೆಕ್ಕವನ್ನು ಮೊದಲಿನಿಂದ ಮಾಡಬೇಕಂತೆ. ಮಾವನಿಗೆ ಅದೇ ಸಂಜೆ, ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬೇಡ ಎಂಬ ಕಾಗದ ಬಂತು. ಅವರು ಅದನ್ನು ಎರಡು ಸಲ ಓದಿ ಗಡಿಯಾರದ ಹಿಂದೆ ಸಿಕ್ಕಿಸಿದರು. ಈಗಲೂ ನೀರಿನ ಲೋಟ ಕೊಟ್ಟರೆ ಕುಡಿಯುವ ಮುಂಚೆ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡುತ್ತಾರೆ.

ವಿಚಾರಣೆಗೆ ಆ ಬಟ್ಟೆ ಬೇಕಂತೆ, ಒಗೆಯಬಾರದಂತೆ. ನಾಳೆ ಬೆಳಿಗ್ಗೆ ಅದನ್ನು ಇದ್ದ ಹಾಗೇ ಕಾಗದದಲ್ಲಿ ಸುತ್ತಿ, ನಾನೇ ನಡೆದು ಹೋಗಿ ಇಂಜಿನಿಯರಿನ ಕೈಗೆ ಕೊಟ್ಟು ಬರುತ್ತೇನೆ.